ಹೊಸದಾಗಿ ಬಂದ ಹಳೇ ಸಿನಿಮಾ

ಒಟಿಟಿ ತೆರೆದರೆ ‘ಹೊಸದಾಗಿ ಸೇರಿದ್ದು’ ಅಂತ ಒಂದು ಸಾಲು ಇರುತ್ತದೆ. ಮೊದಲ ಮೂರ್ನಾಲ್ಕು ಪೋಸ್ಟರ್ ಎಲ್ಲರಿಗೂ ಗೊತ್ತಿರುವ ಸ್ಟಾರ್‌ಗಳದು. ಇನ್ನೂ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಹೆಸರೇ ಕೇಳದ ಒಂದು ಸಿನಿಮಾ ಕಾಣುತ್ತದೆ. ಒತ್ತಿ ನೋಡಿದರೆ 1983ರದ್ದು. ಇಷ್ಟು ವರ್ಷ ಇದು ಎಲ್ಲಿತ್ತು? ಈಗ ಯಾಕೆ ಬಂತು?

ಯಾರೋ ರಸಿಕರು ಕೂತು, ಒಳ್ಳೆಯದನ್ನು ಆರಿಸಿ ಹಾಕುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೆ ಮಾಡುವವರೂ ಇದ್ದಾರೆ, ಆದರೆ ಕಡಿಮೆ. ನಾನು ಮುಂಬೈಯ ಅಂಧೇರಿಯಲ್ಲಿ ಮಾಡುವ ಕೆಲಸಕ್ಕೆ ಕ್ಯೂಸಿ ಅನ್ನುತ್ತಾರೆ. ಒಟಿಟಿಗೆ ಹೋಗುವ ಮುಂಚೆ ಸಿನಿಮಾದ ಪ್ರತಿಯನ್ನು ಪೂರ್ತಿ ನೋಡಿ, ಎಲ್ಲೆಲ್ಲಿ ಏನೇನು ತಪ್ಪಿದೆ ಅಂತ ಟೈಮ್‌ಕೋಡ್ ಸಮೇತ, ಅಂದರೆ ಯಾವ ನಿಮಿಷ ಯಾವ ಸೆಕೆಂಡ್ ಅಂತ, ಬರೆದುಕೊಡುವುದು. ಅಲ್ಲಿಂದ ನೋಡಿದರೆ ವಿಷಯ ಬೇರೆಯೇ. ಸಣ್ಣ ಸಿನಿಮಾ ನಿಮ್ಮ ಟಿವಿಗೆ ಬರುವುದು ಅದು ಚೆನ್ನಾಗಿದೆ ಅನ್ನುವ ಕಾರಣಕ್ಕಲ್ಲ. ಅದರ ಕಾಗದಪತ್ರ ಸರಿಯಿತ್ತು, ರೀಲಿನ ಡಬ್ಬ ಸಿಕ್ಕಿತು, ಅಷ್ಟೇ. ಅದಕ್ಕಿಂತ ಒಳ್ಳೆಯ ಹತ್ತು ಚಿತ್ರಗಳು ಈ ಎರಡರಲ್ಲಿ ಒಂದಿಲ್ಲದೆ ಕೂತಿರುತ್ತವೆ.

ಮೊದಲು ಕಾಗದದ ಕಥೆ. ನಮ್ಮ ಲೈನಿನಲ್ಲಿ ‘ನೆಗೆಟಿವ್ ರೈಟ್ಸ್’ ಅನ್ನುವ ಮಾತು ತುಂಬ ಓಡುತ್ತದೆ. ನೆಗೆಟಿವ್ ಅಂದರೆ ಸಿನಿಮಾದ ಮೂಲ ರೀಲು; ಅದರಿಂದ ಥಿಯೇಟರ್‌ಗೆ ಅಂತ ತೆಗೆದ ಪ್ರತಿ ಪ್ರಿಂಟ್. ಯಾರ ಹೆಸರಲ್ಲಿ ನೆಗೆಟಿವ್ ಇದೆಯೋ ಅವರೇ ಸಿನಿಮಾದ ಯಜಮಾನರು ಅಂತ ಲೆಕ್ಕ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಒಬ್ಬ ನಿರ್ಮಾಪಕರು ಅಡಿಕೆ ತೋಟ ಅಡವಿಟ್ಟು ಒಂದೇ ಒಂದು ಸಿನಿಮಾ ಮಾಡಿರುತ್ತಾರೆ. ಫೈನಾನ್ಸ್ ಕೊಟ್ಟವರು ಒಂದು ಕಾಗದ ಬರೆಸಿಕೊಂಡಿರುತ್ತಾರೆ. ವಿತರಕರು ಇನ್ನೊಂದು. ಆಮೇಲೆ ಯಾವುದೋ ಚಾನೆಲ್‌ಗೆ ಸ್ಯಾಟಲೈಟ್ ರೈಟ್ಸ್ ಹೋಗಿರುತ್ತದೆ. ಈಗ ಅವರು ಇಲ್ಲ. ಮಕ್ಕಳಲ್ಲಿ ಒಬ್ಬರು ಪುಣೆಯಲ್ಲಿ, ಒಬ್ಬರು ಶಿರಸಿಯಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ಒಟಿಟಿಯವರು ಕೇಳುವುದು ಒಂದೇ ಪ್ರಶ್ನೆ: ನಿರ್ಮಾಪಕರಿಂದ ನಿಮ್ಮವರೆಗೆ ಹಕ್ಕು ಹೇಗೆ ಬಂತು, ಪ್ರತಿ ಮೆಟ್ಟಿಲಿನ ಕಾಗದ ತೋರಿಸಿ. ನಡುವೆ ಒಂದು ಮೆಟ್ಟಿಲು ತಪ್ಪಿದರೂ ಅವರು ಮುಟ್ಟುವುದಿಲ್ಲ.

ಆಗಿನ ಕರಾರುಗಳಲ್ಲಿ ಇಂಟರ್ನೆಟ್ ಅನ್ನುವ ಪದವೇ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಹಕ್ಕು ಬರೆದುಕೊಡುವಾಗ ಇಲ್ಲದಿದ್ದ ಮಾಧ್ಯಮಕ್ಕೆ, ಕರಾರಿನಲ್ಲಿ ಅದರ ಹೆಸರು ಹೇಳಿರದಿದ್ದರೆ, ಆ ಹಕ್ಕು ಕೊಟ್ಟಂತೆ ಆಗುವುದಿಲ್ಲ ಅಂತ ಅದು ಹೇಳುತ್ತದೆ. ಅದಕ್ಕೂ ಹಿಂದಿನ ಕರಾರುಗಳ ಮಾತು ಬಂದರೆ ವಕೀಲರು ತಲೆಗೊಂದು ಮಾತು ಹೇಳುತ್ತಾರೆ. ಇದೇ ಕಾಯ್ದೆಯಲ್ಲಿ ಇನ್ನೂ ಎರಡು ಸಣ್ಣ ಸಾಲುಗಳಿವೆ. ಕರಾರಿನಲ್ಲಿ ಅವಧಿ ಬರೆದಿಲ್ಲ ಅಂದರೆ ಅದು 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆದಿಲ್ಲ ಅಂದರೆ ಭಾರತಕ್ಕೆ ಮಾತ್ರ. ದುಬೈಯಲ್ಲಿರುವ ನಿಮ್ಮ ತಮ್ಮನಿಗೆ ಕಾಣದ ಸಿನಿಮಾ ಡೊಂಬಿವಲಿಯಲ್ಲಿ ನಿಮಗೆ ಕಾಣುತ್ತದಲ್ಲ, ಅದಕ್ಕೂ ಕಾರಣ ಹಕ್ಕಿನ ಕಾಗದದಲ್ಲಿ ಬರೆದ ದೇಶಗಳ ಪಟ್ಟಿಯೇ.

ಇನ್ನು 60 ವರ್ಷದ ಲೆಕ್ಕ. ಸಿನಿಮಾದ ಕಾಪಿರೈಟ್ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1964ರ ಚಿತ್ರದ್ದು 2024ರ ಡಿಸೆಂಬರ್ ಕೊನೆಗೆ ಮುಗಿಯಿತು. ಕಪ್ಪು ಬಿಳುಪು ಕಾಲದ ಅಷ್ಟೊಂದು ಚಿತ್ರಗಳು ಯೂಟ್ಯೂಬ್‌ನಲ್ಲಿ ಸುಲಭವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ಹಾಗಂತ ಎಲ್ಲವೂ ಹಕ್ಕಿನಿಂದ ಬಿಡುಗಡೆ ಆಯಿತು ಅಂತಲ್ಲ. ಕಥೆ, ಹಾಡು ಬರೆದವರ ಹಕ್ಕಿನ ಲೆಕ್ಕ ಬೇರೆ.

ಕಾಗದ ಸಿಕ್ಕಿತು ಅಂದುಕೊಳ್ಳಿ. ಡಬ್ಬ ಎಲ್ಲಿ? ಆ ಕಾಲದ ಕನ್ನಡ ಸಿನಿಮಾಗಳ ರೀಲು ತೊಳೆದದ್ದು ಹೆಚ್ಚಾಗಿ ಮದ್ರಾಸಿನ ಲ್ಯಾಬ್‌ಗಳಲ್ಲಿ, ಕೆಲವು ಮುಂಬೈಯಲ್ಲಿ. ಲ್ಯಾಬ್‌ಗೆ ಬಾಕಿ ಇದ್ದರೆ ನೆಗೆಟಿವ್ ಅಲ್ಲೇ ಉಳಿಯುತ್ತಿತ್ತು. ಅದನ್ನು ಬಿಡಿಸಲು ‘ಲ್ಯಾಬ್ ಲೆಟರ್’, ಅಂದರೆ ಲ್ಯಾಬ್‌ನವರ ಪತ್ರ, ಬೇಕಾಗುತ್ತಿತ್ತು. ರೀಲಿನ ಕಾಲ ಮುಗಿದು ಲ್ಯಾಬ್‌ಗಳು ಬಾಗಿಲು ಹಾಕಿದಾಗ ಡಬ್ಬಗಳು ಗೋದಾಮಿಗೆ ಹೋದವು, ಗುಜರಿಗೂ ಹೋದವು. ಕಪ್ಪು ಬಿಳುಪು ರೀಲಿನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ತೆಗೆಯಲು ಪ್ರಿಂಟ್‌ಗಳನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುವವರಿದ್ದರು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರದ್ದು, ಚಿತ್ರೀಕರಣ ಆದದ್ದು ಇಲ್ಲೇ ಪಕ್ಕದ ಕೊಲ್ಹಾಪುರದಲ್ಲಿ. ಅದರ ಒಂದೇ ಒಂದು ಪ್ರಿಂಟ್ ಇವತ್ತು ಇಲ್ಲ. ಯಾವ ಒಟಿಟಿಯೂ ಅದನ್ನು ತರಲಾರದು.

ಉಳಿದದ್ದು ಹೇಗೆ ಉಳಿಯಿತು ಅನ್ನುವುದಕ್ಕೆ ‘ಘಟಶ್ರಾದ್ಧ’ ನೋಡಿ. ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ್ದು, ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಸ್ವರ್ಣ ಕಮಲ ಪಡೆದದ್ದು. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿತ್ತು. 1964ರಲ್ಲಿ ಶುರುವಾದ, ಪಿ.ಕೆ. ನಾಯರ್ ಅವರು ಊರೂರು ಅಲೆದು ಡಬ್ಬ ಕೂಡಿಸಿ ಕಟ್ಟಿದ ಆರ್ಕೈವ್ ಅದು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವಿದೇಶದ ಸಂಸ್ಥೆಗಳು ಸೇರಿ ಅದನ್ನು ರಿಸ್ಟೋರ್ ಮಾಡಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಸ್ವರ್ಣ ಕಮಲ ಬಂದ ಚಿತ್ರಕ್ಕೇ ಇಷ್ಟು ಕೈಗಳು ಬೇಕಾದವು. ಪ್ರಶಸ್ತಿ ಬರದ, ಆರ್ಕೈವ್ ಸೇರದ ಚಿತ್ರಗಳ ಪಾಡು ಕೇಳಲೇಬೇಡಿ.

ಈಗ ನಮ್ಮ ಕೋಣೆಗೆ ಬನ್ನಿ. ‘ಹೊಸ ಎಚ್‌ಡಿ ಪ್ರತಿ’ ಅಂತ ಹೇಳಿ ಕೊಟ್ಟ ಒಂದು ಹಳೇ ಕನ್ನಡ ಸಿನಿಮಾ ಓಡುತ್ತಿದೆ. ಹದಿನೆಂಟು ಇಪ್ಪತ್ತು ನಿಮಿಷ ಆಗುವಾಗ ಮೇಲಿನ ಬಲ ಮೂಲೆಯಲ್ಲಿ ಒಂದು ದುಂಡು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಏಳೆಂಟು ಸೆಕೆಂಡಿಗೆ ಇನ್ನೊಂದು. ಈ ರೀಲು ಮುಗಿಯುತ್ತಾ ಬಂತು ಅಂತ ಥಿಯೇಟರ್‌ನ ಆಪರೇಟರ್‌ಗೆ ಹಾಕಿದ ಗುರುತು ಅದು. ಮೊದಲ ಚುಕ್ಕೆ ಕಂಡ ಕೂಡಲೇ ಎರಡನೇ ಪ್ರೊಜೆಕ್ಟರ್‌ನ ಮೋಟಾರ್ ಹಾಕಬೇಕು, ಎರಡನೇ ಚುಕ್ಕೆಗೆ ಆ ಕಡೆ ಬದಲಾಯಿಸಬೇಕು. ಚುಕ್ಕೆ ಕಂಡಿತು ಅಂದರೆ ಹೆಚ್ಚಾಗಿ ಇದು ನೆಗೆಟಿವ್‌ನಿಂದ ಬಂದದ್ದಲ್ಲ, ಥಿಯೇಟರ್‌ಗಳಲ್ಲಿ ಓಡಿ ಸವೆದ ಪ್ರಿಂಟ್‌ನಿಂದ ಬಂದದ್ದು. ಅಂಥ ಕಡೆ ಗೀರುಗಳೂ ಜಾಸ್ತಿ. ರೀಲಿನ ತುದಿ ಹರಿದಾಗಲೆಲ್ಲ ಆಪರೇಟರ್ ಕತ್ತರಿಸಿ ಅಂಟಿಸಿರುತ್ತಾನೆ. ಅಲ್ಲಿ ಪಾತ್ರದ ಮಾತು ಅರ್ಧಕ್ಕೇ ನಿಲ್ಲುತ್ತದೆ. ನಿರ್ದೇಶಕರು ಏನೋ ಹೊಸ ಪ್ರಯೋಗ ಮಾಡಿದ್ದಾರೆ ಅಂದುಕೊಳ್ಳಬೇಡಿ.

ಪ್ರಿಂಟೂ ಸಿಗದಿದ್ದರೆ ಟೇಪು. ಚಾನೆಲ್‌ಗೆ ಅಂತ ಮಾಡಿದ ಬೀಟಾ ಅನ್ನುವ ವಿಡಿಯೊ ಟೇಪನ್ನೇ ಹಿಗ್ಗಿಸಿ ಎಚ್‌ಡಿ ಅನ್ನುತ್ತಾರೆ. ಇದರಲ್ಲಿ ಎರಡು ಕಾಟ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ನಮ್ಮ ಟಿವಿ 25. ಕೆಲವರು ಸುಮ್ನೆ 25ರಲ್ಲಿ ಓಡಿಸಿಬಿಡುತ್ತಾರೆ. ಎರಡು ಗಂಟೆಯ ಸಿನಿಮಾ ಸುಮಾರು 5 ನಿಮಿಷ ಬೇಗ ಮುಗಿಯುತ್ತದೆ, ಗಂಡಸರ ದನಿ ತುಸು ತೆಳ್ಳಗಾಗುತ್ತದೆ, ಹಾಡಿನ ಶ್ರುತಿ ಏರುತ್ತದೆ. ಸಂಗೀತ ಗೊತ್ತಿರುವವರಿಗೆ ತಕ್ಷಣ ಕಿರಿಕಿರಿ. ಎರಡನೆಯದು ಕತ್ತರಿ. ಚಾನೆಲ್‌ನ ಸಮಯಕ್ಕೆ ಹೊಂದಿಸಲು ಒಂದು ಹಾಡು, ಒಂದೆರಡು ದೃಶ್ಯ ತೆಗೆದಿರುತ್ತಾರೆ. ಆ ಕತ್ತರಿಸಿದ ಪ್ರತಿಯೇ ಕೊನೆಗೆ ಉಳಿದಿರುತ್ತದೆ.

ನೀವು ಮನೆಯಲ್ಲೇ ಇದನ್ನು ಪತ್ತೆ ಮಾಡಬಹುದು. ಶುರುವಿನಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಬರುತ್ತದಲ್ಲ, ಎಲ್ಲರೂ ದಾಟಿಸಿಬಿಡುವುದು, ಅಲ್ಲಿ ನಿಲ್ಲಿಸಿ. ಹಳೇ ಸರ್ಟಿಫಿಕೇಟ್‌ನಲ್ಲಿ ಉದ್ದ ಮೀಟರ್‌ನಲ್ಲಿರುತ್ತದೆ. 35 ಎಂಎಂ ರೀಲು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. 3,290 ಮೀಟರ್ ಅಂತ ಇದ್ದರೆ ಸಿನಿಮಾ 120 ನಿಮಿಷ. ಒಟಿಟಿಯಲ್ಲಿ 115 ಅಂತ ತೋರಿಸಿದರೆ ವೇಗ ಹೆಚ್ಚಿಸಿದ ಪ್ರತಿ ಅಂತ ಅನುಮಾನ ಪಡಿ. 100 ಇದ್ದರೆ ಕತ್ತರಿ ಬಿದ್ದಿದೆ. ಈ ಒಂದು ಲೆಕ್ಕಕ್ಕೆ ನಮ್ಮ ಕೋಣೆಯಲ್ಲಿ ಎಷ್ಟೋ ಪ್ರತಿಗಳು ವಾಪಸ್ ಹೋಗುತ್ತವೆ.

ಆಕಾರವೂ ನೋಡಿ. ಹಳೇ ಸಿನಿಮಾಗಳಲ್ಲಿ ಬಹಳಷ್ಟು ಹೆಚ್ಚುಕಡಿಮೆ ಚೌಕ, ಅಗಲ ಎತ್ತರಕ್ಕೆ 1.37 ಪಟ್ಟು. ನಿಮ್ಮ ಟಿವಿ 1.78. ಅಂಥ ಚಿತ್ರದ ಸರಿಯಾದ ಪ್ರತಿಯಲ್ಲಿ ಎಡಬಲ ಕಪ್ಪು ಪಟ್ಟಿ ಇರಲೇಬೇಕು. ಗ್ರಾಹಕರು ಪಟ್ಟಿ ಕಂಡರೆ ದೂರು ಕೊಡುತ್ತಾರೆ ಅಂತ ಹೆದರಿ ಮೇಲೆ ಕೆಳಗೆ ಕತ್ತರಿಸಿ ತುಂಬಿಸುವವರಿದ್ದಾರೆ. ಚಿತ್ರದ ಸುಮಾರು ಕಾಲು ಭಾಗ ಹೋಯಿತು. ಹಣೆ ಕಾಣದ ನಾಯಕಿ, ಪಾದ ಕಾಣದ ನೃತ್ಯ. ಇನ್ನು ಕೆಲವರು ಫಿಲ್ಮಿನಲ್ಲಿ ಸಹಜವಾಗಿ ಇರುವ ಸಣ್ಣ ಕಾಳನ್ನೆಲ್ಲ (ಗ್ರೇನ್) ಸಾಫ್ಟ್‌ವೇರ್‌ನಿಂದ ಒರೆಸಿ ಮುಖಗಳನ್ನು ಮೇಣದ ಗೊಂಬೆ ಮಾಡುತ್ತಾರೆ. ನನ್ನನ್ನು ಕೇಳಿದರೆ ಗೀರು ಇರುವ ಪ್ರತಿಯೇ ಎಷ್ಟೋ ವಾಸಿ.

ಹೊಸ ಸಣ್ಣ ಸಿನಿಮಾಗಳಿಗೆ ಡಬ್ಬದ ಕಾಟ ಇಲ್ಲ. ಅವುಗಳ ಕಷ್ಟ ದುಡ್ಡಿನದು. ಥಿಯೇಟರ್‌ಗೆ ಒಂದು ಪ್ರತಿ ಸಾಕು. ಒಟಿಟಿಗೆ ಬೇರೆ ಮಾಸ್ಟರ್ ಪ್ರತಿ, ಆರು ಸ್ಪೀಕರ್‌ಗೆ ಹಂಚಿದ 5.1 ಮತ್ತು ಎರಡು ಸ್ಪೀಕರ್‌ನ ಸ್ಟೀರಿಯೊ ಎರಡೂ ಧ್ವನಿ, ಸಬ್‌ಟೈಟಲ್, ಟೈಟಲ್ ಅಕ್ಷರ ಇಲ್ಲದ ದೃಶ್ಯಗಳು, ಮಾತು ಬಿಟ್ಟು ಉಳಿದ ಧ್ವನಿ, ಸಂಗೀತದ ಕಾಗದ, ಹೀಗೆ ಪಟ್ಟಿ ಬೆಳೆಯುತ್ತದೆ. ಇಷ್ಟೆಲ್ಲ ಕೊಟ್ಟರೂ ಒಟ್ಟಿಗೆ ಹಣ ಸಿಗುವುದು ಅಪರೂಪ. ಜನ ನೋಡಿದ ನಿಮಿಷದ ಲೆಕ್ಕದಲ್ಲಿ ಕೊಡುವವರೇ ಜಾಸ್ತಿ. ಹತ್ತು ನಿಮಿಷಕ್ಕೆ ಬಿಟ್ಟರೆ ಹತ್ತೇ ನಿಮಿಷದ ದುಡ್ಡು. ಅದಕ್ಕೇ ದಾರಿ ಉದ್ದ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದರೂ ಥಿಯೇಟರ್‌ಗೆ ಬಂದದ್ದು 2024ರಲ್ಲಿ. ಅದೂ ಊರಲ್ಲಿ. ಮುಂಬೈ, ಪುಣೆಯಲ್ಲಿರುವ ನಮಗೆ ಇಂಥ ಚಿತ್ರ ಸಿಗುವುದು ಯಾವುದೋ ಮಲ್ಟಿಪ್ಲೆಕ್ಸ್‌ನ ಒಂದು ಬೆಳಗಿನ ಆಟ, ಅದೂ ಪುಣ್ಯ ಇದ್ದರೆ. ಮನೆಯ ಪರದೆಯೇ ಗತಿ.

ಈಗ ದಾರಿಗಳು ಕೆಲವು ಹೆಚ್ಚಿವೆ. ಪ್ರಸಾರ ಭಾರತಿಯವರು 2024ರ ನವೆಂಬರ್‌ನಲ್ಲಿ ಗೋವಾ ಚಿತ್ರೋತ್ಸವದಲ್ಲಿ ‘ವೇವ್ಸ್’ ಅನ್ನುವ ಒಟಿಟಿ ಶುರು ಮಾಡಿದರು. ಅದೇ ವರ್ಷ ಕೇರಳ ಸರ್ಕಾರ ‘ಸಿ ಸ್ಪೇಸ್’ ತಂದಿತು. ಅಲ್ಲಿ ಒಂದು ಸಿನಿಮಾಕ್ಕೆ 75 ರೂಪಾಯಿ ಅಂತ ಇಟ್ಟರು, ಅರ್ಧ ಹಣ ಸಿನಿಮಾದವರಿಗೆ. ಕರ್ನಾಟಕ ಸರ್ಕಾರವೂ 2025ರ ಬಜೆಟ್‌ನಲ್ಲಿ ಕನ್ನಡಕ್ಕೆ ಒಟಿಟಿ ಮಾಡುವುದಾಗಿ ಹೇಳಿದೆ. ಸಣ್ಣ ಸಿನಿಮಾಕ್ಕೆ ಬಿಡಿಯಾಗಿ ದುಡ್ಡು ಕೊಟ್ಟು ನೋಡುವ ಈ ಪದ್ಧತಿಯೇ ನ್ಯಾಯ ಅಂತ ನನ್ನ ಅಭಿಪ್ರಾಯ. ತಿಂಗಳ ಚಂದಾದಲ್ಲಿ ಸಣ್ಣವರ ಪಾಲು ಎಲ್ಲಿ ಕರಗುತ್ತದೆ ಅಂತಲೇ ತಿಳಿಯುವುದಿಲ್ಲ.

ಮಾಟುಂಗದಲ್ಲಿ ಹೋಟೆಲ್ ನಡೆಸುವ ಪರಿಚಯದವರೊಬ್ಬರದು ಸಿಕ್ಕಾಗಲೆಲ್ಲ ಒಂದೇ ದೂರು. “ಎಂತದು ಮಾರಾಯ್ರೆ, ಮಾತು ಕೇಳುವುದೇ ಇಲ್ಲ. ವಾಲ್ಯೂಮ್ ಜಾಸ್ತಿ ಮಾಡಿದರೆ ಮ್ಯೂಸಿಕ್ ಬಂದು ಪಕ್ಕದ ಫ್ಲ್ಯಾಟಿನವರು ಬೆಲ್ ಮಾಡ್ತಾರೆ.” ಇದು ಸಿನಿಮಾದ ತಪ್ಪಲ್ಲ. 5.1ರಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಅಂತ ಮೀಸಲು. ನಿಮ್ಮ ಟಿವಿಯಲ್ಲಿ ಇರುವುದೇ ಎರಡು. ಆಡಿಯೊ ಪಟ್ಟಿಯಲ್ಲಿ ಸ್ಟೀರಿಯೊ ಇದ್ದರೆ ಅದನ್ನು ಆರಿಸಿ, ಮಾತು ಮುಂದೆ ಬರುತ್ತದೆ. ಹಾಗೇ ಟಿವಿಯ ಚಿತ್ರವನ್ನು ಸಿನಿಮಾ ಮೋಡ್‌ಗೆ ಹಾಕಿ, ಚಲನೆ ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿಬಿಡಿ. ಅದು ಇದ್ದರೆ ಎಂಥ ಸಿನಿಮಾವೂ ಧಾರಾವಾಹಿ ಥರ ಕಾಣುತ್ತದೆ.

ಆಮೇಲೆ, ‘ನೋಡಬೇಕಾದ್ದು’ ಪಟ್ಟಿಗೆ ಸೇರಿಸಿ ದೀಪಾವಳಿ ರಜಕ್ಕೆ ಅಂತ ಇಟ್ಟುಕೊಳ್ಳಬೇಡಿ. ಲೈಸೆನ್ಸ್ ಇಷ್ಟು ವರ್ಷ ಅಂತ ಇರುತ್ತದೆ. ದೊಡ್ಡ ಸಿನಿಮಾದ್ದು ನವೀಕರಣ ಆಗುತ್ತದೆ, ಸಣ್ಣದ್ದು ಸದ್ದಿಲ್ಲದೆ ಹೋಗುತ್ತದೆ, ನಿಮ್ಮ ಪಟ್ಟಿಯಿಂದಲೂ.

ಇನ್ನೊಂದು ಮಾತು, ಈ ಊರಿನ ಕನ್ನಡದ ಮನೆಗಳಿಗೆ. ಅಜ್ಜನೋ ಮಾವನೋ ಒಂದು ಕಾಲದಲ್ಲಿ ಸಿನಿಮಾಕ್ಕೆ ದುಡ್ಡು ಹಾಕಿದ್ದರು ಅನ್ನುವ ಕಥೆ ನಿಮ್ಮಲ್ಲೂ ಇರಬಹುದು. ಅಟ್ಟದ ಮೇಲೆ ತಗಡಿನ ಡಬ್ಬ ಇದ್ದು, ಮುಚ್ಚಳ ತೆಗೆದಾಗ ವಿನೆಗರ್‌ನ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಅಂತ ಅರ್ಥ. ಈ ಸೆಕೆ, ಈ ಮಳೆಗಾಲದಲ್ಲಿ ಅದು ಬೇಗ ಹರಡುತ್ತದೆ, ಪಕ್ಕದ ಡಬ್ಬಕ್ಕೂ. ಅದನ್ನು ಬೇರೆ ಇಡಿ, ಸುರುಳಿ ಬಿಚ್ಚಬೇಡಿ. ಪುಣೆಯ ಲಾ ಕಾಲೇಜ್ ರಸ್ತೆಯ ಆರ್ಕೈವ್‌ನವರನ್ನು ಕೇಳಿ. ಡಬ್ಬ ಅಲ್ಲಿಟ್ಟ ಮಾತ್ರಕ್ಕೆ ಹಕ್ಕು ಕೈಬಿಡುವುದಿಲ್ಲ. ಹಳೇ ಕರಾರು, ಲ್ಯಾಬ್ ಬಿಲ್, ಸೆನ್ಸಾರ್ ಸರ್ಟಿಫಿಕೇಟ್, ಫೈನಾನ್ಸ್‌ನವರ ಪತ್ರ ಏನೇ ಸಿಕ್ಕಿದರೂ ಹರಿಯಬೇಡಿ. ಎಲ್ಲ ಒಂದೇ ಫೈಲ್‌ಗೆ ಹಾಕಿ, ಅಣ್ಣತಮ್ಮಂದಿರೆಲ್ಲ ಇರುವಾಗಲೇ ಯಾರ ಹೆಸರಿಗೆ ಅಂತ ಬರೆಸಿಬಿಡಿ.