ಗೊತ್ತಿದ್ದವರ ಮುಂದೆ ಗ್ಯಾಂಬಿಟ್ ನಡೆಯುತ್ತದೆಯೇ?

ಪ್ರಶ್ನೆ: ಮಗಳು ಏಳನೇ ಕ್ಲಾಸು. ಶನಿವಾರ, ಭಾನುವಾರ ತಿಪಟೂರಿನಿಂದ ತುಮಕೂರಿಗೆ ಚೆಸ್ ಕ್ಲಾಸಿಗೆ ಕರೆತರುತ್ತೇವೆ. ಬಿಳಿ ಕಾಯಿ ಸಿಕ್ಕರೆ ಸಾಕು, ಇವಾನ್ಸ್ ಗ್ಯಾಂಬಿಟ್ಟೇ ಆಡುತ್ತಾಳೆ; ಆರಂಭದಲ್ಲೇ ಪಾನ್ (ಕಾಲಾಳು) ಬಿಟ್ಟುಕೊಟ್ಟು ದಾಳಿಗೆ ಸಮಯ ಗಳಿಸುವ ಆಟ. ‘ಗೊತ್ತಿಲ್ಲದವರ ಮುಂದೆ ಮಾತ್ರ ಅದು ನಡೆಯುತ್ತೆ, ಬೆಂಗಳೂರಿನ ಟೂರ್ನಿಯಲ್ಲಿ ಪಾನ್ ಕಳೆದುಕೊಂಡು ಕೂರುತ್ತಾಳೆ’ ಎಂದು ಜೊತೆಯ ಪೋಷಕರು ಹೆದರಿಸುತ್ತಾರೆ. ಬಿಡಿಸಬೇಕೆ?

ಉತ್ತರ: ಬಿಡಿಸಬೇಡಿ. ಪ್ರತಿ ಬೇಸಿಗೆ ಶಿಬಿರ ಮುಗಿದ ಮೇಲೆ ಇದೇ ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ಬರುತ್ತದೆ. ಈ ಸಲ ಕಾಯಿ ಜೋಡಿಸಿಟ್ಟುಕೊಂಡೇ ಓದಿ. ಮನೆಗಳ ಹೆಸರು ಬಿಳಿಯ ಎಡಗಡೆಯಿಂದ ಎಯಿಂದ ಎಚ್, ಬಿಳಿಯ ಕಡೆಯಿಂದ 1ರಿಂದ 8; ಬರೀ ಮನೆಯ ಹೆಸರಿದ್ದರೆ ಅದು ಪಾನಿನ ನಡೆ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

‘ಗೊತ್ತಿಲ್ಲದವರ ಮುಂದೆ ಮಾತ್ರ’ ಎನ್ನುವವರು ಬಲೆಯನ್ನೂ ಗ್ಯಾಂಬಿಟ್ಟನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಬಲೆ ಹೇಗಿರುತ್ತದೆ ನೋಡಿ. ಮೊಬೈಲಿನಲ್ಲಿ ನೋಡಿ ಮಕ್ಕಳು ಕಲಿತು ಬರುವ ಎಂಗ್ಲುಂಡ್ ಎಂಬ ಆರಂಭ: ಬಿಳಿ ಡಿ4, ಕಪ್ಪು ಇ5. ಬಿಳಿ ಪಾನ್ ಅದನ್ನು ಹೊಡೆಯುತ್ತದೆ. ಕಪ್ಪು ಕುದುರೆ ಸಿ6ಕ್ಕೆ, ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಕ್ವೀನ್ ಇ7ಕ್ಕೆ. ಬಿಳಿ ಒಂಟೆ ಎಫ್4ಕ್ಕೆ ಬಂದು ಪಾನ್ ಕಾಯುತ್ತದೆ. ಕ್ವೀನ್ ಬಿ4ಕ್ಕೆ ಬಂದು ಚೆಕ್ ಕೊಡುತ್ತದೆ, ಒಂಟೆ ಡಿ2ಕ್ಕೆ ಹಿಂದೆ ಸರಿದು ತಡೆಯುತ್ತದೆ, ಕ್ವೀನ್ ಬಿ2 ಪಾನ್ ಹೊಡೆಯುತ್ತದೆ. ಇಲ್ಲಿ ಬಿಳಿಯವನು ಕ್ವೀನ್ ಓಡಿಸುವ ಆಸೆಗೆ ಒಂಟೆಯನ್ನು ಸಿ3ಕ್ಕೆ ಇಟ್ಟರೆ ಕೆಟ್ಟ. ಕಪ್ಪು ಒಂಟೆ ಬಿ4ಕ್ಕೆ ಬರುತ್ತದೆ. ಸಿ3ರ ಒಂಟೆ ರಾಜನಿಗೆ ಅಡ್ಡ ನಿಂತಿರುವುದರಿಂದ ಕ್ವೀನನ್ನು ಹೊಡೆಯಲಾಗದು, ಮುಂದೆ ಉಳಿಯುವುದು ಬರೀ ನಷ್ಟ. ಆದರೆ ಒಂಟೆಯ ಬದಲು ಕುದುರೆಯನ್ನು ಸಿ3ಕ್ಕೆ ಇಟ್ಟರೆ? ಮುಂದಿನ ನಡೆಯಲ್ಲಿ ಆನೆ ಬಿ1ಕ್ಕೆ ಬಂದು ಕ್ವೀನನ್ನು ಅಟ್ಟುತ್ತದೆ, ಕುದುರೆ ಡಿ5ಕ್ಕೆ ಹಾರಲು ಸಿದ್ಧವಾಗಿರುತ್ತದೆ, ಕಪ್ಪಿನ ಆಟ ಅಲ್ಲಿಗೆ ಕುಸಿಯುತ್ತದೆ. ಇದು ಬಲೆ. ಒಂದೇ ಒಂದು ಸರಿ ನಡೆ ಗೊತ್ತಿದ್ದವರ ಮುಂದೆ ಸತ್ತುಹೋಗುತ್ತದೆ. ಇದನ್ನು ಮಕ್ಕಳಿಂದ ಖಂಡಿತ ಬಿಡಿಸಿ.

ಇವಾನ್ಸ್ ಈ ಜಾತಿಯದಲ್ಲ. 1820ರ ದಶಕದಲ್ಲಿ ವೇಲ್ಸಿನ ಹಡಗಿನ ಕಪ್ತಾನ ವಿಲಿಯಂ ಡೇವೀಸ್ ಇವಾನ್ಸ್ ಹುಡುಕಿದ ಆರಂಭ ಅದು. ಇ4, ಇ5, ಎರಡೂ ಕಡೆಯ ಕುದುರೆ ಎಫ್3ಕ್ಕೆ, ಸಿ6ಕ್ಕೆ, ಎರಡೂ ಒಂಟೆ ಸಿ4ಕ್ಕೆ, ಸಿ5ಕ್ಕೆ, ನಾಲ್ಕನೇ ನಡೆಯಲ್ಲಿ ಬಿಳಿ ಬಿ4. ಒಂಟೆ ಪಾನ್ ಹೊಡೆಯುತ್ತದೆ, ಬಿಳಿ ಸಿ3 ಆಡುತ್ತದೆ, ಒಂಟೆ ಮತ್ತೆ ಓಡಬೇಕು. ಐದು ನಡೆಯಲ್ಲಿ ಕಪ್ಪು ಒಂದೇ ಒಂಟೆಗೆ ಮೂರು ನಡೆ ಸುರಿದಿರುತ್ತದೆ. ಅಷ್ಟರಲ್ಲಿ ಬಿಳಿಗೆ ಡಿ4 ಸಿಗುತ್ತದೆ, ನಡುಮಧ್ಯ ಕೈಗೆ ಬರುತ್ತದೆ. ಸಿ ಪಾನ್ ಮುಂದೆ ಹೋಗಿ ತೆರೆದ ದಾರಿಯಿಂದ ಕ್ವೀನ್ ಬಿ3ಕ್ಕೆ ಬಂದು ಎಫ್7ರ ಮೇಲೆ ಕಣ್ಣಿಡುತ್ತದೆ. ಬಿ ಪಾನ್ ಹೋದ ಜಾಗದಿಂದ ಇನ್ನೊಂದು ಒಂಟೆ ಎ3ಕ್ಕೆ ಬಂದರೆ ಎಫ್8 ಮನೆ ಅದರ ಗುರಿಗೆ ಬಿದ್ದು ಕಪ್ಪು ರಾಜನ ಕ್ಯಾಸ್ಲಿಂಗ್ (ರಾಜನನ್ನು ಆನೆಯ ಕಡೆ ಎರಡು ಮನೆ ಸರಿಸಿ ಭದ್ರಪಡಿಸುವ ನಡೆ) ನಿಲ್ಲುತ್ತದೆ. ಎದುರಾಳಿಗೆ ಇದೆಲ್ಲ ಬಾಯಿಪಾಠವಿದ್ದರೂ ಸುರಿದ ಮೂರು ನಡೆ ವಾಪಸ್ ಬರುವುದಿಲ್ಲ. ಮೂರು ನಡೆಗೆ ಒಂದು ಪಾನ್ ಎಂಬ ಹಳೆಯ ಲೆಕ್ಕ ಇದೇ.

ಗೊತ್ತಿದ್ದವರು ಎಂದರೆ ಯಾರು? 1995ರಲ್ಲಿ ರೀಗಾದಲ್ಲಿ ಆಗಿನ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಇದೇ ಇವಾನ್ಸ್ ಆಡಿದ್ದು ನಮ್ಮ ವಿಶ್ವನಾಥನ್ ಆನಂದ್ ಎದುರು. ಆನಂದ್ ಆ ವರ್ಷವೇ ಕ್ಯಾಸ್ಪರೋವ್ ಜೊತೆ ವಿಶ್ವ ಪಟ್ಟಕ್ಕೆ ಸೆಣಸಿದವರು. ಅವರಿಗೆ ಇವಾನ್ಸ್ ಗೊತ್ತಿರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಆಟ 25 ನಡೆಗೆ ಮುಗಿಯಿತು, ಬಿಳಿ ಗೆದ್ದಿತು. 1960ರಲ್ಲಿ ಸ್ಪಾಸ್ಕಿ, ಪಾನ್ ಕೊಡುವ ಇನ್ನೊಂದು ಆರಂಭವಾದ ಕಿಂಗ್ಸ್ ಗ್ಯಾಂಬಿಟ್ ಆಡಿ ಫಿಶರ್ ಅವರನ್ನು ಸೋಲಿಸಿದರು; ಇಬ್ಬರೂ ಮುಂದೆ ವಿಶ್ವ ಚಾಂಪಿಯನ್ ಆದವರು. ಮರುವರ್ಷ ಫಿಶರ್ ‘ಕಿಂಗ್ಸ್ ಗ್ಯಾಂಬಿಟ್ ಮುಗಿಯಿತು’ ಎಂದು ಲೇಖನ ಬರೆದರು. ಜನ ಅದನ್ನು ಇಂದಿಗೂ ಹಿಡಿದುಕೊಂಡಿದ್ದಾರೆ. 1963ರಲ್ಲಿ ಸ್ವತಃ ಫಿಶರ್ ಬಿಳಿ ಕಾಯಿ ಹಿಡಿದು ಕಿಂಗ್ಸ್ ಗ್ಯಾಂಬಿಟ್ ಆಡಿದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಾಗಾದರೆ ಗೊತ್ತಿದ್ದವರು ಏನು ಮಾಡುತ್ತಾರೆ? ಪಾನ್ ವಾಪಸ್ ಕೊಡುತ್ತಾರೆ. ಇದನ್ನು ಮಕ್ಕಳಿಗೆ ಎಷ್ಟು ಸಲ ತೋರಿಸಿದರೂ ಕಡಿಮೆ. ಇವಾನ್ಸಿನಲ್ಲಿ ಒಂಟೆ ಎ5ಕ್ಕೆ ಹೋಗಿ, ಬಿಳಿ ಡಿ4 ಆಡಿದ ಮೇಲೆ ಕಪ್ಪು ಆಸೆಬುರುಕತನ ತೋರಿಸಿತು ಅನ್ನಿ: ಡಿ4 ಹೊಡೆದು, ಬಿಳಿ ಕ್ಯಾಸ್ಲಿಂಗ್ ಮಾಡಿದ ಮೇಲೆ ಸಿ3 ಕೂಡ ಹೊಡೆಯುತ್ತದೆ. ಕ್ವೀನ್ ಬಿ3ಕ್ಕೆ ಬರುತ್ತದೆ, ಕಪ್ಪು ಕ್ವೀನ್ ಎಫ್6ಕ್ಕೆ ಓಡಿ ಎಫ್7 ಕಾಯಬೇಕು, ಬಿಳಿ ಪಾನ್ ಇ5ಕ್ಕೆ ಬಂದು ಅದನ್ನು ಜಿ6ಕ್ಕೆ ಅಟ್ಟುತ್ತದೆ, ಕುದುರೆ ಸಿ3 ಪಾನನ್ನು ಹೊಡೆಯುತ್ತದೆ. ಕಪ್ಪಿಗೆ ಎರಡು ಪಾನ್ ಲಾಭ ಹೌದು, ರಾಜ ಮಾತ್ರ ನಡುವೆ ನಿಂತೇ ಇದ್ದಾನೆ. ಇದರ ಬದಲು ಹಿಂದಿನ ವಿಶ್ವ ಚಾಂಪಿಯನ್ ಲಾಸ್ಕರ್ ಅವರ ದಾರಿ: ಹೊಡೆಯದೆ ಡಿ6 ಆಡುವುದು, ಬಿಳಿ ಕ್ಯಾಸ್ಲಿಂಗ್ ಮಾಡಿದರೆ ಒಂಟೆಯನ್ನು ಬಿ6ಕ್ಕೆ ತಂದು ಇ5 ಪಾನ್ ವಾಪಸ್ ನೀಡುವುದು. ಬಿಳಿ ಅದನ್ನು ತೆಗೆದುಕೊಳ್ಳಲು ಹೋದರೆ ಕ್ವೀನ್‌ಗಳು ಅದಲುಬದಲಾಗುತ್ತವೆ, ಕಾಯಿ ಸಮ, ದಾಳಿ ತಣ್ಣಗಾಗುತ್ತದೆ, ಬಿಳಿಯ ಎ, ಸಿ ಪಾನ್‌ಗಳು ಒಂಟಿಯಾಗಿ ಉಳಿಯುತ್ತವೆ. ನಿಮ್ಮ ಮಗಳು ಕಲಿಯಬೇಕಾದ್ದು ಇದನ್ನೇ. ಡಿ6 ಕಂಡ ಕೂಡಲೇ ಕ್ಯಾಸ್ಲಿಂಗ್ ಮಾಡದೆ ಕ್ವೀನನ್ನು ಬಿ3ಕ್ಕೆ ತಂದರೆ ಕಪ್ಪು ಕ್ವೀನ್ ಡಿ7ಕ್ಕೆ ಬಂದು ಸ್ವಂತ ಒಂಟೆಗೇ ದಾರಿ ಕಟ್ಟುತ್ತದೆ, ಒತ್ತಡ ಉಳಿಯುತ್ತದೆ.

ಗ್ಯಾಂಬಿಟ್ ಆಡಿ ಸೋಲುವ ಮಕ್ಕಳು ಸೋಲುವುದು ಎದುರಾಳಿಯ ಪುಸ್ತಕಜ್ಞಾನಕ್ಕಲ್ಲ. ಪಾನ್ ಕೊಟ್ಟ ಮೇಲೆ ಎಚ್3ರಂಥ ನಿಧಾನದ ನಡೆ ಆಡುತ್ತಾರೆ, ಒಂದೇ ಕುದುರೆಯನ್ನು ಎರಡೆರಡು ಸಲ ಕುಣಿಸುತ್ತಾರೆ. ಅಲ್ಲಿಗೆ ಸಾಲ ಮಾತ್ರ ಉಳಿಯಿತು, ಸಾಲ ತಂದು ಹಾಕಿದ ಬಂಡವಾಳ ಹೋಯಿತು. ಸ್ಕೋರ್‌ಶೀಟಿನಲ್ಲಿ ಹತ್ತನೇ ನಡೆಗೆ ಗೆರೆ ಎಳೆಯಲು ಹೇಳಿ. ಮನೆಗೆ ಬಂದ ಮೇಲೆ ಅಲ್ಲಿಯವರೆಗೆ ಯಾರ ಎಷ್ಟು ಕಾಯಿ ಹೊರಬಂದಿವೆ, ಯಾರ ಕ್ಯಾಸ್ಲಿಂಗ್ ಆಗಿದೆ ಎಂದು ಎಣಿಸಲಿ. ಎರಡು ಕಾಯಿಯಷ್ಟಾದರೂ ಮುಂದಿಲ್ಲದಿದ್ದರೆ ತಪ್ಪು ಆ ಗೆರೆಯ ಮೇಲೇ ಇದೆ. ವಾರಕ್ಕೊಂದು ಆಟವನ್ನು ಕಪ್ಪು ಕಾಯಿ ಹಿಡಿದು ಇವಾನ್ಸ್ ವಿರುದ್ಧವೇ ಆಡಲಿ, 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರುವ ಗಡಿಯಾರದಲ್ಲಿ.

ಬಿ4ನ್ನು ಎದುರಾಳಿ ಮುಟ್ಟದೆ ಒಂಟೆಯನ್ನು ಬಿ6ಕ್ಕೆ ಹಿಂದೆಗೆದರೆ ಎ4 ಆಡಿ ಜಾಗ ಹಿಡಿಯಲಿ. ಪಾನೂ ಉಳಿಯಿತು.

ಕೇಳದಿದ್ದರೂ ಒಂದು ಮಾತು. ಊರಿಗೆ ಹೋದಾಗ ಅಜ್ಜಂದಿರು ‘ಕಾಲಾಳು ಕೊಟ್ಟು ಆಡೋದು ಯಾವ ಸೀಮೆ ಚದುರಂಗ?’ ಎಂದು ಗದರುವುದುಂಟು. ಅವರು ಹೇಳುವುದು ತಪ್ಪಲ್ಲ, ಅವರ ಆಟ ಬೇರೆ. ನಮ್ಮ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ, ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜ ಒಮ್ಮೆ ಕುದುರೆಯಂತೆ ಹಾರಬಹುದು. ಬಿ4 ತಲುಪಲು ಎರಡು ನಡೆ ಬೇಕೆಂದರೆ ಗಳಿಸಿದ ಸಮಯವೆಲ್ಲ ಅಲ್ಲೇ ಕರಗುತ್ತದೆ. ಹಾರಿ ತಪ್ಪಿಸಿಕೊಳ್ಳುವ ರಾಜನನ್ನು ನಡುವೆ ಕಟ್ಟಿಹಾಕುವುದೂ ಆಗದು. ಆ ಹಾಸಿನ ಮೇಲೆ ಇವಾನ್ಸ್ ನಿಜಕ್ಕೂ ದಂಡ. ಅಜ್ಜನ ಜೊತೆ ಕೂರುವ ಮುಂಚೆ ಕಾಲಾಳಿಗೆ ಎಷ್ಟು ಮನೆ ಎಂದು ಮಗಳು ಕೇಳಿಕೊಳ್ಳಲಿ.