ಕಪ್ಪು ಹಂಸದ ಹೆಸರಲ್ಲಿ ಹಾರಿದ ಕಾಗೆಗಳು

ಷೇರುಪೇಟೆ ಒಂದೇ ದಿನದಲ್ಲಿ ನೆಲಕಚ್ಚಲಿ, ದೊಡ್ಡ ಬ್ಯಾಂಕೊಂದು ಮುಳುಗಲಿ, ಎಲ್ಲೋ ಯುದ್ಧ ಶುರುವಾಗಿ ಪೆಟ್ರೋಲ್ ಬೆಲೆ ಏರಲಿ, ಸಂಜೆಯ ಟಿವಿ ಚರ್ಚೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಇದು ಬ್ಲ್ಯಾಕ್ ಸ್ವಾನ್ ಕಣ್ರೀ.’ ಕನ್ನಡದ ವಾಣಿಜ್ಯ ಸುದ್ದಿಗಳಿಗೂ ಈ ಕಪ್ಪು ಹಂಸದ ಮಾತು ಬಂದು ಕೂತಿದೆ. ಹಾಗಂದರೇನು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಯಾರೂ ಊಹಿಸಲಾಗದ ಆಪತ್ತು ಎಂದು ಒಬ್ಬರು, ನೂರು ವರ್ಷಕ್ಕೊಮ್ಮೆ ಬರುವಂಥದ್ದು ಎಂದು ಇನ್ನೊಬ್ಬರು, ಭಾರಿ ನಷ್ಟ ಎಂದಷ್ಟೇ ಮತ್ತೊಬ್ಬರು. ಈ ಮಾತು ಮೊದಲು ಹುಟ್ಟಿದಾಗ ಇದರಲ್ಲಿ ಯಾವ ಅರ್ಥವೂ ಅದಕ್ಕೆ ಇರಲಿಲ್ಲ.

ಇಂಗ್ಲಿಷಿಗೆ ಹಂಸದ ಮೇಲೆ ಹಳೆಯ ಮೋಹ. ಕಲಾವಿದರ ಕೊನೆಯ ಪ್ರದರ್ಶನ ‘ಸ್ವಾನ್ ಸಾಂಗ್’. ಅದನ್ನೇ ನಾವು ಹಂಸಗೀತೆ ಮಾಡಿಕೊಂಡು ಕ್ರಿಕೆಟಿಗರ ಕೊನೆಯ ಪಂದ್ಯಕ್ಕೂ ಹಚ್ಚಿದ್ದೇವೆ. ಸಾಯುವ ಮುನ್ನ ಹಂಸ ಹಾಡುತ್ತದೆ ಎಂದು ಗ್ರೀಕರು ನಂಬಿದ್ದರು. ಅದು ಸುಳ್ಳು ಎಂದು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಡಲು ಕೆಲಸವಿಲ್ಲದೆ ಠೀವಿಯಿಂದ ಸುಮ್ನೆ ಸುತ್ತಾಡುವವರಿಗೆ ‘ಸ್ವಾನಿಂಗ್ ಅರೌಂಡ್’ ಅಂತಾರೆ. ತನ್ನದೆಲ್ಲ ಶ್ರೇಷ್ಠ ಅನ್ನುವವನ ಬಗ್ಗೆ ‘ಅವನ ಹೆಬ್ಬಾತುಗಳೆಲ್ಲ ಹಂಸಗಳೇ’ ಎಂಬ ಗಾದೆಯಿದೆ; ನಮ್ಮಲ್ಲಿ ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ, ಅದೇ. ಇವೆಲ್ಲ ತಂಟೆಯಿಲ್ಲದ ಮಾತುಗಳು. ಗೋಜಲಾಗಿರುವುದು ಕಪ್ಪು ಹಂಸ.

ಶುರುವಾದದ್ದು ಹೆಂಡತಿಯ ಬಗೆಗಿನ ಒಂದು ಕುಹಕದಿಂದ. ಸುಮಾರು 1900 ವರ್ಷಗಳ ಹಿಂದೆ ರೋಮಿನಲ್ಲಿ ಜುವೆನಲ್ ಎಂಬ ವಿಡಂಬನೆಯ ಕವಿಯಿದ್ದ. ರೂಪ, ಗುಣ, ಮನೆತನ, ಹಣ ಎಲ್ಲವೂ ಇರುವ ಹೆಂಡತಿ ಸಿಗುತ್ತಾಳಾ ಎಂಬ ಪ್ರಶ್ನೆಗೆ ಅವನು, ಅವಳು ಭೂಮಿಯ ಮೇಲಿನ ಅಪರೂಪದ ಹಕ್ಕಿ, ಥೇಟ್ ಕಪ್ಪು ಹಂಸದ ಹಾಗೆ ಎಂದ. ಅಂದರೆ ಇಲ್ಲವೇ ಇಲ್ಲ ಎಂದರ್ಥ. ಅವನಿಗೂ ಮುಂಚೆ ಅರಿಸ್ಟಾಟಲ್ ತರ್ಕ ಹೇಳಿಕೊಡುವಾಗ ಬಿಳಿ ಬಣ್ಣಕ್ಕೆ ಉದಾಹರಣೆಯಾಗಿ ಎತ್ತಿಕೊಂಡದ್ದು ಹಂಸವನ್ನೇ. ಯುರೋಪಿನಲ್ಲಿ ಕಂಡ ಹಂಸಗಳೆಲ್ಲ ಬಿಳಿ. ಹಾಗಾಗಿ ಅನುಮಾನ ಪಡಲು ಕಾರಣವೇ ಇರಲಿಲ್ಲ. ನಮ್ಮವರು ಇಂಥದ್ದಕ್ಕೆ ಮೊಲದ ಕೊಂಬು ಎನ್ನುತ್ತಿದ್ದರು. ಮುಂದಿನ ಒಂದೂವರೆ ಸಾವಿರ ವರ್ಷ ಸಾಮ್ರಾಜ್ಯಗಳು ಬಿದ್ದವು, ಧರ್ಮಗಳು ಬದಲಾದವು, ಕಪ್ಪು ಹಂಸ ಮಾತ್ರ ಆಗದ ಮಾತಾಗಿಯೇ ಉಳಿಯಿತು.

1694ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ‘ರಿಡರ್‌ಸ್ಕಾಪ್ ವಾನ್ ಹಾಲೆಂಡ್’ ಎಂಬ ಹಡಗು ಬಟೇವಿಯಾಗೆ, ಅಂದರೆ ಇಂದಿನ ಜಕಾರ್ತಾಗೆ, ಹೊರಟು ದಾರಿಯಲ್ಲೇ ಮಾಯವಾಯಿತು. ಅದರಲ್ಲಿ 300ಕ್ಕೂ ಹೆಚ್ಚು ಜನ ಇದ್ದರು. ಅದನ್ನು ಹುಡುಕಲು 1696ರಲ್ಲಿ ವಿಲ್ಲೆಮ್ ದೆ ವ್ಲಾಮಿಂಗ್ ಎಂಬ ಕಪ್ತಾನನ ಕೈಕೆಳಗೆ ಮೂರು ಹಡಗುಗಳನ್ನು ಕಳಿಸಿದರು. ಗಾಳಿಯ ಹೊಡೆತಕ್ಕೆ ಸಿಕ್ಕಿದ ಹಡಗುಗಳು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಗೆ ಬಡಿದು ಒಡೆಯುವುದು ಆಗ ಮಾಮೂಲಿಯಾಗಿತ್ತು. ಹಾಗಾಗಿ ಹುಡುಕಾಟಕ್ಕೆ ಅದೇ ಜಾಗ.

ಆ ವರ್ಷದ ಡಿಸೆಂಬರ್ ಕೊನೆಗೆ ಅವರು ತಲುಪಿದ್ದು ಕರಾವಳಿಯಿಂದ ಸ್ವಲ್ಪ ದೂರದ ದ್ವೀಪಕ್ಕೆ. ಅಲ್ಲಿ ಬೆಕ್ಕಿನಷ್ಟು ದೊಡ್ಡ ಪ್ರಾಣಿಗಳು ಕುಪ್ಪಳಿಸುತ್ತಿದ್ದವು. ಇವರು ಇಲಿ ಅಂದುಕೊಂಡರು. ದ್ವೀಪಕ್ಕೆ ಇಲಿಗೂಡು ಎಂದೇ ಹೆಸರಿಟ್ಟರು. ಇವತ್ತಿಗೂ ಅದು ರಾಟ್‌ನೆಸ್ಟ್ ದ್ವೀಪ. ಅವು ಇಲಿಗಳಲ್ಲ, ಕಾಂಗರೂ ಬಳಗದ ಕ್ವೋಕಾಗಳು. ಇಲಿ ಅಂದುಕೊಂಡದ್ದು ಇಲಿಯಾಗಿರಲಿಲ್ಲ, ಇಲ್ಲ ಅಂದುಕೊಂಡದ್ದು ಎದುರಿಗೇ ಬರಲಿತ್ತು.

1697ರ ಜನವರಿಯಲ್ಲಿ ತಂಡ ಮುಖ್ಯ ನೆಲಕ್ಕೆ ಇಳಿಯಿತು. ಉಪ್ಪುನೀರಿನ ಅಗಲವಾದ ನದಿ. ಕಡುಬೇಸಿಗೆ. ದೋಣಿಗಳಲ್ಲಿ ನದಿಯ ಮೇಲ್ಭಾಗಕ್ಕೆ ಹುಟ್ಟು ಹಾಕುತ್ತ ಹೋದಾಗ ಅಲ್ಲಿ ಹಂಸಗಳು ಕಂಡವು, ಕಪ್ಪು ಬಣ್ಣದವು. ಒಂದೋ ಎರಡೋ ಅಲ್ಲ, ಬೇಕಾದಷ್ಟು. ಕುತ್ತಿಗೆ ಬಿಳಿ ಹಂಸದ್ದಕ್ಕಿಂತಲೂ ತೆಳ್ಳಗೆ, ಉದ್ದಕ್ಕೆ. ಕೊಕ್ಕು ಕೆಂಪು, ತುದಿಯ ಹತ್ತಿರ ಒಂದು ಬಿಳಿ ಪಟ್ಟಿ. ನೀರಿನ ಮೇಲೆ ಕೂತಾಗ ಅಪ್ಪಟ ಕಪ್ಪು. ರೆಕ್ಕೆ ಬಿಚ್ಚಿ ಹಾರಿದರೆ ಅಂಚಿನ ಗರಿಗಳು ಬೆಳ್ಳಗೆ ಹೊಳೆಯುತ್ತವೆ.

ಯುರೋಪಿನ ಒಂದು ಗಾದೆ ಮುರಿದುಬಿದ್ದ ಗಳಿಗೆ ಅದು. ದೋಣಿಯಲ್ಲಿದ್ದವರು ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡಂತಿಲ್ಲ. ಕೆಲವು ಹಂಸಗಳನ್ನು ಜೀವಂತ ಹಿಡಿದರು. ನದಿಗೆ ಹಂಸಗಳ ನದಿ ಎಂದು ಹೆಸರಿಟ್ಟು ಮುಂದೆ ಹೋದರು. ಬಟೇವಿಯಾ ತಲುಪಿದ ಹಂಸಗಳು ಹೆಚ್ಚು ದಿನ ಬದುಕಲಿಲ್ಲ. ಕಳೆದ ಹಡಗಿನ ಸುಳಿವೂ ಸಿಗಲಿಲ್ಲ. ಮಸಾಲೆಯಿಲ್ಲ, ಚಿನ್ನವಿಲ್ಲ, ವ್ಯಾಪಾರಕ್ಕೆ ಒಗ್ಗುವ ಊರಿಲ್ಲ ಎಂದು ಕಂಪನಿ ಆ ನೆಲದ ಆಸೆಯನ್ನೇ ಬಿಟ್ಟಿತು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಕಪ್ಪು ಹಂಸ ‘ಪತ್ತೆಯಾಯಿತು’ ಎಂದು ಬರೆಯುವ ಲೇಖನಗಳು ಪತ್ತೆಯಾದದ್ದು ಯಾರಿಗೆ ಎಂದು ಕೇಳುವುದಿಲ್ಲ. ಆ ನದಿಯ ದಡದಲ್ಲಿ ನೂಂಗಾರ್ ಜನ ಹತ್ತಾರು ಸಾವಿರ ವರ್ಷಗಳಿಂದ ಬದುಕಿದ್ದರು. ಹಂಸ ಅವರಿಗೆ ‘ಮಾಲಿ’. ದಿನಾ ಕಾಣುವ ಹಕ್ಕಿ. ಅದೇ ಖಂಡದ ಪೂರ್ವಭಾಗದ ಮೂಲನಿವಾಸಿಗಳ ಕಥೆಯೊಂದರಲ್ಲಿ ಹಂಸಗಳು ಮೊದಲು ಬಿಳಿಯಾಗಿದ್ದವು. ಹದ್ದುಗಳು ಅವುಗಳ ಗರಿ ಕಿತ್ತು ಹಾಕಿದಾಗ ಕಾಗೆಗಳು ಕನಿಕರಪಟ್ಟು ತಮ್ಮ ಗರಿಗಳನ್ನು ಉದುರಿಸಿ ಹೊದಿಸಿದವಂತೆ. ಉಳಿದ ಬಿಳಿ ಎಂದರೆ ರೆಕ್ಕೆಯಡಿಯ ಆ ನಾಲ್ಕು ಗರಿಗಳೇ. ಅಲ್ಲಿ ವಿವರಣೆ ಬೇಕಾಗಿದ್ದದ್ದು ಬಿಳಿಗೇ.

1829ರಲ್ಲಿ ಬ್ರಿಟಿಷರು ಅದೇ ನದಿಯ ಹೆಸರಲ್ಲಿ ಸ್ವಾನ್ ರಿವರ್ ಕಾಲನಿ ಕಟ್ಟಿದರು. ಇಂದಿನ ಪರ್ತ್ ನಗರ ಅದರದೇ ಕೂಸು. ಅಷ್ಟರಲ್ಲಾಗಲೇ ಪ್ಯಾರಿಸ್ ಬಳಿಯ ಮಾಲ್ಮೆಜೋನ್ ಅರಮನೆಯ ಕೊಳದಲ್ಲಿ ನೆಪೋಲಿಯನ್ನನ ಹೆಂಡತಿ ಜೋಸೆಫೀನ್ ಕಪ್ಪು ಹಂಸಗಳನ್ನು ಸಾಕಿದ್ದಳು. 1854ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ತನ್ನ ಮೊದಲ ಅಂಚೆಚೀಟಿ ತಂದಾಗ ಅದರ ಮೇಲಿದ್ದದ್ದೂ ಕಪ್ಪು ಹಂಸವೇ. ಜಗತ್ತಿನಲ್ಲೇ ಇಲ್ಲ ಎಂದಿದ್ದ ಹಕ್ಕಿ ಒಂದು ಪೆನ್ನಿಯ ಚೀಟಿಯಾಯಿತು. ಮರುವರ್ಷ ಮುದ್ರಣದಲ್ಲಿ ತಪ್ಪಾಗಿ, ನಾಲ್ಕು ಪೆನ್ನಿಯ ಕೆಲವು ಚೀಟಿಗಳಲ್ಲಿ ಹಂಸ ತಲೆಕೆಳಗಾಗಿ ಕಂಡಿತು. ನಿಜಕ್ಕೂ ಉಲ್ಟಾ ಆಗಿದ್ದದ್ದು ಹಂಸವಲ್ಲ, ಸುತ್ತಲಿನ ಚೌಕಟ್ಟು. ಸಂಗ್ರಾಹಕರು ಇವತ್ತು ಅದಕ್ಕೆ ಬಾಯಿಬಾಯಿ ಬಿಡುತ್ತಾರೆ.

ಹಕ್ಕಿ ಮಾಮೂಲಿಯಾದ ಮೇಲೆ ಗಾದೆ ಸತ್ತುಹೋಗಬೇಕಿತ್ತು. ತತ್ವಶಾಸ್ತ್ರದವರು ಬದುಕಿಸಿದರು. ಎಲ್ಲ ಹಂಸಗಳೂ ಬಿಳಿ ಎಂಬ ತೀರ್ಮಾನ ಎಲ್ಲಿ ಎಡವಿತು ಎಂದು ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಚರ್ಚಿಸಿದ. 1934ರಲ್ಲಿ ಕಾರ್ಲ್ ಪಾಪರ್ ಅದನ್ನು ಇನ್ನಷ್ಟು ಹರಿತ ಮಾಡಿದ. ಎಷ್ಟು ಬಿಳಿ ಹಂಸ ನೋಡಿದರೂ ಆ ಮಾತು ಸಾಬೀತಾಗುವುದಿಲ್ಲ, ಬೀಳಿಸಲು ಒಂದು ಕಪ್ಪು ಹಂಸ ಸಾಕು. ಆ ಹೊತ್ತಿಗೆ ಇದು ನಾಲಿಗೆ ಬಿಗಿಹಿಡಿಯಲು ಹೇಳುವ ಮಾತಾಗಿತ್ತು. ‘ಎಲ್ಲ’ ಅನ್ನುವ ಮುನ್ನ ಇನ್ನೊಮ್ಮೆ ಯೋಚಿಸು ಎಂಬ ಎಚ್ಚರಿಕೆ.

ಪೇಟೆಯ ಬಾಯಿಗೆ ಅದನ್ನು ಹಾಕಿದ್ದು ಲೆಬನಾನ್ ಮೂಲದ ನಸೀಮ್ ನಿಕೊಲಾಸ್ ತಲೇಬ್. ವರ್ಷಗಟ್ಟಲೆ ಆಪ್ಷನ್ಸ್, ಅಂದರೆ ಮುಂದೊಂದು ದಿನ ಗೊತ್ತಾದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕುಗಳ ವಹಿವಾಟು ಮಾಡಿದವರು. 2007ರ ಏಪ್ರಿಲ್‌ನಲ್ಲಿ ಈ ಹೆಸರಿನದೇ ಪುಸ್ತಕ ತಂದರು. ಅವರ ಪ್ರಕಾರ ಕಪ್ಪು ಹಂಸಕ್ಕೆ ಮೂರು ಲಕ್ಷಣ. ಅದು ನಮ್ಮ ಎಣಿಕೆಗೆ ಹೊರಗಿನದು. ಅದರ ಪರಿಣಾಮ ವಿಪರೀತ. ಆದ ಮೇಲೆ ಮಾತ್ರ ‘ಇದು ಆಗುವುದೇ ಇತ್ತು’ ಎಂದು ನಾವೆಲ್ಲ ಕಾರಣ ಕೊಡುತ್ತೇವೆ. ಒಳ್ಳೆಯದೂ ಕಪ್ಪು ಹಂಸವಾಗಬಹುದು ಎಂದೂ ಅವರು ಬರೆದಿದ್ದರು. ಅದನ್ನು ಜನ ಬೇಗನೆ ಮರೆತರು.

ಮರೆತ ಇನ್ನೊಂದು ಮಾತು ಜಾಸ್ತಿ ಮುಖ್ಯವಾದದ್ದು. ಟರ್ಕಿ ಕೋಳಿಗೆ ಸಾವಿರ ದಿನ ಹೊತ್ತುಹೊತ್ತಿಗೆ ಕಾಳು ಬೀಳುತ್ತದೆ. ದಿನ ಕಳೆದಂತೆ ಯಜಮಾನನ ಮೇಲೆ ಅದರ ನಂಬಿಕೆ ಗಟ್ಟಿಯಾಗುತ್ತದೆ. ಹಬ್ಬದ ಮುನ್ನಾದಿನ ಕತ್ತಿ ಬರುತ್ತದೆ. ಕೋಳಿಗೆ ಅದು ಕಪ್ಪು ಹಂಸ, ಕಟುಕನಿಗೆ ಅಲ್ಲ. ತತ್ವಶಾಸ್ತ್ರಜ್ಞ ಬರ್ಟ್ರಂಡ್ ರಸೆಲ್‌ನ ಹಳೆಯ ಕೋಳಿಯ ಉದಾಹರಣೆಯನ್ನೇ ತಲೇಬ್ ಟರ್ಕಿ ಮಾಡಿಕೊಂಡಿದ್ದರು. ಅಂದರೆ, ಒಂದು ಘಟನೆ ಕಪ್ಪು ಹಂಸವೋ ಅಲ್ಲವೋ ಎನ್ನುವುದು ಯಾರಿಗೆ ಏನು ಗೊತ್ತಿತ್ತು ಎಂಬುದರ ಮೇಲೆ ನಿಂತಿದೆ. ‘ಯಾರಿಗೂ ಗೊತ್ತಿರಲಿಲ್ಲ’ ಎಂದು ಹೇಳುವವರು ಕೋಳಿಯೋ ಕಟುಕನೋ ಎಂದು ಮೊದಲು ಕೇಳಬೇಕಾಗುತ್ತದೆ.

ಪುಸ್ತಕ ಬಂದ ನಾಲ್ಕೇ ತಿಂಗಳಿಗೆ ಅಮೆರಿಕದ ಗೃಹಸಾಲದ ಬಿಕ್ಕಟ್ಟು ಹೊರಬಿತ್ತು. ಆ ಆಗಸ್ಟಿನಲ್ಲಿ ನ್ಯೂಯಾರ್ಕಿನ ದೊಡ್ಡ ಬ್ಯಾಂಕೊಂದರ ಹಣಕಾಸು ಮುಖ್ಯಸ್ಥರು, ಪೇಟೆಯಲ್ಲಿ ದಿನಗಟ್ಟಲೆ ‘25 ಸಿಗ್ಮಾ’ ಏರಿಳಿತ, ಅಂದರೆ ಸರಾಸರಿಯಿಂದ ಮಾಮೂಲಿ ಅಂತರದ 25 ಪಟ್ಟು ದೂರದ ಏರಿಳಿತ, ಕಾಣುತ್ತಿದ್ದೇವೆ ಎಂದರು. ಸರಾಸರಿಯಿಂದ ದೂರ ಹೋದಷ್ಟೂ ಅಪರೂಪ ಎನ್ನುವ ಮಾಮೂಲಿ ಗಂಟೆಯಾಕಾರದ (ಬೆಲ್ ಕರ್ವ್) ಲೆಕ್ಕದಲ್ಲಿ ಅಂಥದ್ದು ಒಂದು ದಿನ ನಡೆಯಲು ವಿಶ್ವದ ಈವರೆಗಿನ ಆಯಸ್ಸು ಎಷ್ಟೋ ಪಟ್ಟು ಸಾಲದು. ಇಲ್ಲಿ ಸಾಲುಸಾಲಾಗಿ ಕೆಲವು ದಿನ ನಡೆದಿತ್ತು. ಲೆಕ್ಕವೇ ತಪ್ಪು ಅನ್ನುವ ಬದಲು ಜಗತ್ತೇ ವಿಚಿತ್ರವಾಯಿತು ಅಂದ ಹಾಗಾಯ್ತು. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ ಮೇಲಂತೂ ಎಲ್ಲೆಲ್ಲೂ ಕಪ್ಪು ಹಂಸ. ತಮಾಷೆ ಏನೆಂದರೆ, ಗೃಹಸಾಲದ ದೈತ್ಯ ಸಂಸ್ಥೆಯಾದ ಫ್ಯಾನಿ ಮೇ ಸಿಡಿಮದ್ದಿನ ಪೀಪಾಯಿಯ ಮೇಲೆ ಕೂತಿದೆ ಎಂದು ಆ ಪುಸ್ತಕದಲ್ಲೇ ಬರೆದಿತ್ತು. ಪುಸ್ತಕದ ಒಳಗಿನ ಎಚ್ಚರಿಕೆ ಯಾರಿಗೂ ಬೇಡವಾಯಿತು, ಹೊದಿಕೆಯ ಮೇಲಿನ ಹೆಸರು ಮಾತ್ರ ಬಳಕೆಗೆ ಬಂತು. ನಮ್ಮ ಕಡೆ ಕಾಗೆ ಹಾರಿಸೋದು ಅಂತೀವಲ್ಲ, ಅದಕ್ಕೆ ಅಲ್ಲಿನವರಿಗೆ ಹಂಸ ಸಿಕ್ಕಿತು.

2011ರ ಮಾರ್ಚ್ 11ರಂದು ಜಪಾನಿನಲ್ಲೂ ಇದೇ ಆಯಿತು. ಫುಕುಷಿಮಾ ದೈಚಿ ಅಣುಸ್ಥಾವರದ ರಕ್ಷಣೆಗೆ 2002ರಲ್ಲಿ ಹಿಡಿದ ಸುನಾಮಿಯ ಎತ್ತರ 5.7 ಮೀಟರ್. ಬಂದದ್ದು 14 ಮೀಟರಿಗೂ ಎತ್ತರದ ಅಲೆ. ಎಣಿಕೆಗೆ ಮೀರಿದ್ದು ಎಂಬ ಮಾತು ಕೂಡಲೇ ಕೇಳಿಬಂತು. ಇಂಗ್ಲಿಷ್ ವರದಿಗಳು ಕಪ್ಪು ಹಂಸ ಎಂದವು. ಆಮೇಲೆ ಕಡತಗಳು ಹೊರಬಂದವು. ಕ್ರಿ.ಶ. 869ರಲ್ಲೇ ಆ ಕರಾವಳಿಗೆ ಭಾರಿ ಸುನಾಮಿ ನುಗ್ಗಿತ್ತು, ಅದರ ಮರಳಿನ ಪದರ ಒಳನಾಡಿನ ಮಣ್ಣಲ್ಲಿ ಇವತ್ತಿಗೂ ಇದೆ. ಸ್ಥಾವರ ನಡೆಸುತ್ತಿದ್ದ ಕಂಪನಿಯೊಳಗೇ 2008ರಲ್ಲಿ ಮಾಡಿದ ಒಂದು ಲೆಕ್ಕ 15.7 ಮೀಟರ್ ಎಂದು ಹೇಳಿತ್ತು. ಜಪಾನ್ ಸಂಸತ್ತು ನೇಮಿಸಿದ ಆಯೋಗ 2012ರಲ್ಲಿ ಇದನ್ನು ಮಾನವ ನಿರ್ಮಿತ ದುರಂತ ಎಂದು ಕರೆಯಿತು. ಕರಾವಳಿಯ ಜನ ಕೋಳಿಗಳಾಗಿದ್ದರು, ಅಷ್ಟೆ.

ಕೋವಿಡ್ ಬಂದಾಗ ಮಾತು ಇನ್ನಷ್ಟು ಸಡಿಲವಾಯಿತು. 2020ರ ಮಾರ್ಚ್ ಮೊದಲ ವಾರ ಸಿಲಿಕಾನ್ ವ್ಯಾಲಿಯ ಹೆಸರಾಂತ ಹೂಡಿಕೆ ಸಂಸ್ಥೆಯೊಂದು ಕೊರೊನಾವನ್ನು ‘2020ರ ಕಪ್ಪು ಹಂಸ’ ಎಂದು ಕರೆದು ತನ್ನ ಕಂಪನಿಗಳಿಗೆ ಪತ್ರ ಬರೆಯಿತು. ತಲೇಬ್ ಸಿಟ್ಟಾದರು. ಇದು ಬಿಳಿ ಹಂಸ ಎಂದರು. ಲೋಕವಿಡೀ ಹರಡುವ ವೈರಸ್ಸಿನ ಬಗ್ಗೆ ಅವರು 2007ರಲ್ಲೇ ಬರೆದಿದ್ದರು. 2018ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಆದ್ಯತೆಯ ರೋಗಗಳ ಪಟ್ಟಿಯಲ್ಲಿ ಇನ್ನೂ ಬಾರದ ‘ಡಿಸೀಸ್ ಎಕ್ಸ್’ಗೂ ಜಾಗ ಇಟ್ಟಿತ್ತು. ಹೆಸರಿಟ್ಟು ಕಾದು ಕೂತಿದ್ದ ಅತಿಥಿ ಬಂದಾಗ ಯಾರೂ ಕರೆದಿರಲಿಲ್ಲ ಅಂದಂತೆ.

ಗೊಂದಲ ಬಿಡಿಸಲೆಂದು ಬಂದವು ಹೊಸ ಗೊಂದಲ ತಂದವು. ಎದುರಿಗೇ ಕಾಣುವ, ಆದರೂ ನಾವು ಕಡೆಗಣಿಸುವ ಅಪಾಯಕ್ಕೆ ಅಮೆರಿಕದ ಲೇಖಕಿ ಮಿಶೆಲ್ ವುಕರ್ ‘ಬೂದು ಘೇಂಡಾಮೃಗ’ ಎಂಬ ಹೆಸರು ಕೊಟ್ಟರು. 2019ರ ಜನವರಿಯಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ತಮ್ಮ ಅಧಿಕಾರಿಗಳಿಗೆ ಕಪ್ಪು ಹಂಸದ ಜೊತೆ ಈ ಘೇಂಡಾದ ಬಗ್ಗೆಯೂ ಎಚ್ಚರಿಕೆ ಹೇಳಿದರು. ಮರುವರ್ಷ ಕೇಂದ್ರೀಯ ಬ್ಯಾಂಕುಗಳ ಬ್ಯಾಂಕಾದ ಬಿಐಎಸ್ ಹವಾಮಾನದ ಅಪಾಯಗಳಿಗೆ ‘ಹಸಿರು ಹಂಸ’ ಎಂದು ಹೆಸರಿಟ್ಟಿತು. ಬಣ್ಣಗಳು ಇನ್ನೂ ಬಾಕಿ ಇವೆ.

ನಮ್ಮ ರಿಸರ್ವ್ ಬ್ಯಾಂಕಿನ ಮಾಸಿಕದಲ್ಲೂ ಈ ಹಕ್ಕಿ ಬಂದಿಳಿದಿದೆ. 2022ರ ಜೂನ್ ಸಂಚಿಕೆಯ ಅಧ್ಯಯನ ಲೇಖನವೊಂದು, ಹಲವು ಆಘಾತಗಳು ಒಟ್ಟಿಗೆ ಬೀಳುವ ‘ಕಪ್ಪು ಹಂಸ’ ಪರಿಸ್ಥಿತಿಯಲ್ಲಿ ದೇಶದಿಂದ ಹೊರಹೋಗಬಹುದಾದ ವಿದೇಶಿ ಬಂಡವಾಳವನ್ನು ಅಂದಾಜು ಮಾಡಿತ್ತು. ಅದು ಜಿಡಿಪಿಯ ಶೇ 7.7. ಇಂಥ ಲೆಕ್ಕ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಶಮಾಂಶದವರೆಗೆ ಲೆಕ್ಕಕ್ಕೆ ಸಿಕ್ಕ ಮೇಲೆ ಅದನ್ನು ಕೆಟ್ಟ ಕಾಲ ಎಂದರೆ ಸಾಕಲ್ವಾ? ಮೀಸಲು ನಿಧಿ ಕಟ್ಟಿಕೊಳ್ಳಲು ಅಷ್ಟು ಸಾಕು.

ಅತ್ತ ನಿಜವಾದ ಕಪ್ಪು ಹಂಸಕ್ಕೆ ಈಗ ಹಕ್ಕಿಜ್ವರದ ಭಯ. ಆಸ್ಟ್ರೇಲಿಯಾದ ಸಂಶೋಧಕರು ಅದರ ವಂಶವಾಹಿ ಓದಿ 2023ರಲ್ಲಿ ವರದಿ ಕೊಟ್ಟರು. ಬಿಳಿ ಹಂಸಕ್ಕೆ ಹೋಲಿಸಿದರೆ ಇದರ ರೋಗನಿರೋಧಕ ವ್ಯವಸ್ಥೆಯಲ್ಲಿ ಕೊರತೆಗಳಿವೆ, ಹಕ್ಕಿಜ್ವರದ ಎಚ್5ಎನ್1 ವೈರಸ್ ಹೊಕ್ಕರೆ ಇದು ಬೇಗ ಸಾಯುತ್ತದೆ ಎಂದರು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ವೈರಸ್ ಬರುವ ಮುನ್ನವೇ ಸಿದ್ಧತೆಗೆ 9.5 ಕೋಟಿ ಆಸ್ಟ್ರೇಲಿಯನ್ ಡಾಲರ್ ತೆಗೆದಿಟ್ಟಿತು.