ಮದುವೆ ಡಿವಿಡಿಗೆ ಇನ್ನೊಂದು ಕಾಪಿ: ಕ್ಲ್ಯಾರಿಟಿ ಹೋಗುತ್ತದೆ ಎಂಬ ಭಯ ಎಲ್ಲಿಂದ ಬಂತು?

ಕ್ಯಾಸೆಟ್ ಹೋದ ಮೇಲೆ, ಪೆನ್‌ಡ್ರೈವ್ ಬರುವ ಮೊದಲು, ಕೊಡಗಿನ ಮದುವೆ, ಪುತ್ತರಿ, ಹಾಕಿ ಎಲ್ಲವೂ ಡಿವಿಡಿಗೆ ಸೇರಿದವು. ವಿರಾಜಪೇಟೆಯಲ್ಲೋ ಗೋಣಿಕೊಪ್ಪದಲ್ಲೋ ಸ್ಟುಡಿಯೋದವರು ರೈಟ್ ಮಾಡಿ ಕೊಟ್ಟ ಡಿಸ್ಕ್‌ಗಳು ಈಗಲೂ ಅಲ್ಮೇರಾದಲ್ಲಿವೆ. ದುಡಿ ಹಿಡಿದು ಹಾಡಿದ ಎಷ್ಟೋ ಹಿರಿಯರ ದನಿ ಇರುವುದು ಅಲ್ಲಿ ಮಾತ್ರ. ಕಕ್ಕಡ ತಿಂಗಳ ಮಳೆಯ ತೇವ ಬಟ್ಟೆ, ಚಪ್ಪಲಿ, ಪುಸ್ತಕ ಯಾವುದನ್ನೂ ಬಿಡುವುದಿಲ್ಲ. ಡಿಸ್ಕನ್ನು ಬಿಡುತ್ತದೆಯೇ?

ಇನ್ನೊಂದು ಕಾಪಿ ಮಾಡಿಸಿ ಎಂದರೆ ಬರುವ ಉತ್ತರ ಒಂದೇ: ‘ಕಾಪಿ ಮಾಡಿದ್ರೆ ಕ್ಲ್ಯಾರಿಟಿ ಹೋಗುತ್ತೆ ಅಲ್ವಾ?’ ಹೋಗುವುದಿಲ್ಲ, ಸರಿಯಾಗಿ ಮಾಡಿದರೆ ಒಂದು ಚೂರೂ ಹೋಗುವುದಿಲ್ಲ. ಆದರೆ ಈ ಭಯ ಸುಮ್ನೆ ಹುಟ್ಟಿದ್ದಲ್ಲ.

ವಿಎಚ್‌ಎಸ್ ಕ್ಯಾಸೆಟ್ ಕಾಲದಲ್ಲಿ ಅದು ನಿಜವೇ ಆಗಿತ್ತು. ಒಂದು ಕ್ಯಾಸೆಟ್‌ನಿಂದ ಇನ್ನೊಂದಕ್ಕೆ ಇಳಿಸಿದಾಗ ಚಿತ್ರ ಮಸುಕಾಗುತ್ತಿತ್ತು, ಬಣ್ಣ ಹರಡುತ್ತಿತ್ತು. ಆ ಕಾಪಿಯಿಂದ ಮತ್ತೊಂದು ಕಾಪಿ ಮಾಡಿದರೆ ವಧುವಿನ ಮುಖವೇ ಗೊತ್ತಾಗುತ್ತಿರಲಿಲ್ಲ.

1996ರಲ್ಲಿ ಡಿವಿಡಿ ಮೊದಲು ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿರುವುದು ಅಂಕಿಗಳು. ಅಂಕಿಗಳನ್ನು ತಪ್ಪಿಲ್ಲದೆ ನಕಲು ಮಾಡಿದರೆ ನೂರನೇ ಕಾಪಿಯೂ ಮೊದಲಿನದರ ಹಾಗೇ ಇರುತ್ತದೆ. ಸಿನಿಮಾ ಕಂಪನಿಗಳಿಗೆ ಹೆದರಿಕೆ ಆದದ್ದೇ ಇದರಿಂದ. ಹಾಗಾಗಿ ಸಿನಿಮಾ ಡಿಸ್ಕ್‌ಗಳಿಗೆ ಸಿಎಸ್‌ಎಸ್ ಎಂಬ ಬೀಗ ಹಾಕಿದರು. ಅದರ ಕೀಲಿ ಬರೀ 40 ಬಿಟ್‌ನದು, ಆ ಕಾಲಕ್ಕೂ ದುರ್ಬಲವೇ. 1999ರಲ್ಲಿ ಅದನ್ನು ಬಿಚ್ಚುವ ಪ್ರೋಗ್ರಾಂ ಹೊರಬಂತು. ಅದಕ್ಕಾಗಿ ನಾರ್ವೆಯ ಯೋನ್ ಲೆಕ್ ಯೋಹಾನ್ಸನ್ ಎಂಬ ಹುಡುಗನ ಮೇಲೆ ಕೇಸು ನಡೆಯಿತು. ತಾನೇ ದುಡ್ಡು ಕೊಟ್ಟು ಕೊಂಡ ಡಿಸ್ಕನ್ನು ನೋಡುವುದು ತಪ್ಪಲ್ಲ ಎಂದು 2003ರಲ್ಲಿ ಎರಡು ಹಂತದ ಕೋರ್ಟುಗಳೂ ಅವನನ್ನು ಬಿಟ್ಟವು.

ಬೀಗ ಬಿಚ್ಚಿದರೂ ಇನ್ನೊಂದು ತೊಡಕಿತ್ತು. ಸಿನಿಮಾ ಡಿಸ್ಕ್‌ಗಳು ಸಾಮಾನ್ಯವಾಗಿ ಎರಡು ಪದರದವು, 8.5 ಜಿಬಿ. ಅಂಗಡಿಯಲ್ಲಿ ಸಿಗುತ್ತಿದ್ದ ಖಾಲಿ ಡಿಸ್ಕ್ ಒಂದೇ ಪದರದ್ದು, 4.7 ಜಿಬಿ. ದೊಡ್ಡದನ್ನು ಚಿಕ್ಕದರೊಳಗೆ ತುಂಬಲು ಡಿವಿಡಿ ಶ್ರಿಂಕ್‌ನಂಥ ಪ್ರೋಗ್ರಾಂಗಳು ಚಿತ್ರವನ್ನೇ ಹಿಂಡುತ್ತಿದ್ದವು. ಮಂಜು, ನೀರು, ಕತ್ತಲ ದೃಶ್ಯಗಳಲ್ಲಿ ಚೌಕ ಚೌಕ ಕಲೆಗಳು ಕಾಣುತ್ತಿದ್ದವು. ಬರೆಯಬಹುದಾದ ಎರಡು ಪದರದ ಡಿಸ್ಕ್ 2004ರಲ್ಲಿ ಬಂದರೂ ದುಬಾರಿ. ಹೀಗೆ, ಕ್ಯಾಸೆಟ್‌ನ ಭಯ ಡಿವಿಡಿಗೂ ಅಂಟಿಕೊಂಡಿತು. ಹಾಳು ಮಾಡಿದ್ದು ಹಿಂಡುವಿಕೆ, ಕೆಟ್ಟ ಹೆಸರು ಬಂದದ್ದು ಕಾಪಿಗೆ.

ನಮ್ಮ ಮನೆಗಳ ಡಿಸ್ಕ್‌ಗಳಿಗೆ ಈ ಎರಡು ತೊಡಕೂ ಇಲ್ಲ. ಸ್ಟುಡಿಯೋದವರು ಬರೆದುಕೊಟ್ಟ ಮದುವೆ ಡಿವಿಡಿಗೆ ಸಿಎಸ್‌ಎಸ್ ಬೀಗ ಇರುವುದಿಲ್ಲ. ಅದು ಸಾಮಾನ್ಯವಾಗಿ 4.7 ಜಿಬಿಯದೇ. ಒಂದು ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಅಂಥ 200ಕ್ಕೂ ಜಾಸ್ತಿ ಡಿಸ್ಕ್ ಹಿಡಿಸುತ್ತವೆ, ಯಾವುದನ್ನೂ ಹಿಂಡಬೇಕಿಲ್ಲ.

ಡಿಸ್ಕ್ ತೆರೆದರೆ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ಒಳಗೆ ಸುಮಾರು ಒಂದೊಂದು ಜಿಬಿಯ ವಿಒಬಿ ಫೈಲುಗಳು. ಚಿತ್ರ, ಶಬ್ದ ಎರಡೂ ಅಲ್ಲೇ. ಯಾವ ದೃಶ್ಯ ಎಲ್ಲಿದೆ ಎಂದು ಹೇಳುವುದು ಐಎಫ್‌ಒ ಎಂಬ ಪುಟ್ಟ ಫೈಲು. ಅದರ ಪಕ್ಕದಲ್ಲೇ ಬಿಯುಪಿ ಎಂಬ ಅದರದ್ದೇ ನಕಲು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಡಿವಿಡಿ ರೂಪಿಸಿದವರೇ ಇಟ್ಟದ್ದು ಅದು. ಇಡೀ ಡಿಸ್ಕನ್ನು ಇದ್ದ ಹಾಗೇ ಒಂದು ಐಎಸ್‌ಒ ಫೈಲಾಗಿ ತೆಗೆದಿಟ್ಟರೆ ಮೆನು ಸಮೇತ ಎಲ್ಲವೂ ಉಳಿಯುತ್ತದೆ. ಅದನ್ನು ವಿಎಲ್‌ಸಿ ಎಂಬ ಉಚಿತ ಪ್ಲೇಯರ್‌ನಲ್ಲಿ ನೇರವಾಗಿ ನೋಡಬಹುದು.

ಈಗ ತುಂಬ ಕಡೆ ಆಗುತ್ತಿರುವುದು ಬೇರೆ. ಡಿವಿಡಿಯನ್ನು ಎಂಪಿ4 ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ, ಡಿಸ್ಕನ್ನು ಬಿಸಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಡಿವಿಡಿಗಳಲ್ಲಿ ಸೆಕೆಂಡಿಗೆ 25 ಫ್ರೇಮ್. ಮದುವೆ, ಆಟಗಳ ವಿಡಿಯೋದಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕ್ಷಣದ ಎರಡು ಅರ್ಧಚಿತ್ರಗಳಿರುತ್ತವೆ, ಅಂದರೆ ಚಲನೆಯ 50 ಕ್ಷಣ. ಯೋಚಿಸದೆ ಕನ್ವರ್ಟ್ ಮಾಡಿದರೆ ಅದರಲ್ಲಿ ಅರ್ಧ ಹೋಯಿತು. 1997ರಲ್ಲಿ ಕರಡ ಎಂಬ ಊರಿನಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯ ಯಾವುದಾದರೂ ಪಂದ್ಯದ ಡಿವಿಡಿಯಲ್ಲಿ ಇದನ್ನು ಪರೀಕ್ಷಿಸಿ. ಡಿಸ್ಕ್‌ನಲ್ಲಿ ಸ್ಟಿಕ್ ಬೀಸಿದ್ದು ನುಣ್ಣಗೆ ಕಾಣುತ್ತದೆ. ಎಂಪಿ4ನಲ್ಲಿ ಸ್ಟಿಕ್ ಜಿಗಿಯುತ್ತದೆ, ಇಲ್ಲವೇ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಎಂಪಿ4 ಹಂಚಲಿಕ್ಕೆ ಇರಲಿ, ಕಾಪಾಡಲಿಕ್ಕೆ ಐಎಸ್‌ಒ ಬೇಕು.

ನಮ್ಮಲ್ಲಿ ಈ ಕೆಲಸ ತಡ ಮಾಡಿದಷ್ಟೂ ನಷ್ಟ ಜಾಸ್ತಿ. ಬರೆಯುವ ಡಿಸ್ಕ್‌ನಲ್ಲಿ ಮಾಹಿತಿ ಹಿಡಿದಿಡುವುದು ಒಂದು ಬಣ್ಣದ ಪದರ. ಶಾಖ, ಬೆಳಕು, ತೇವ ಮೂರೂ ಅದಕ್ಕೆ ಶತ್ರು. ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಿದ್ದರೆ ಅದು ತೇವ ಹೀರಿ ಡಿಸ್ಕನ್ನೇ ಬಗ್ಗಿಸಬಹುದು. ಬೂಷ್ಟು ಕಂಡರೆ ಮೆತ್ತನೆ ಬಟ್ಟೆಯಿಂದ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಿ ಸುತ್ತಿ ಒರೆಸಬೇಡಿ.

ಡಿಸ್ಕ್ ನಡುವೆ ನಿಂತುಹೋಗುತ್ತಿದ್ದರೂ ಆಸೆ ಬಿಡಬೇಕಿಲ್ಲ. ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಂ ಇದೆ. ಅದು ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ, ಕೆಟ್ಟ ಜಾಗಗಳನ್ನು ಗುರುತಿಟ್ಟು ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದೇ ಮೂಲ ಪ್ರತಿಯಿಂದ ಬರೆದ ಇನ್ನೊಂದು ಡಿಸ್ಕ್ ಸಿಕ್ಕರೆ, ಮೊದಲಿನದರಲ್ಲಿ ಬಿಟ್ಟುಹೋದ ಜಾಗವನ್ನು ಅದರಿಂದ ತುಂಬಿಸಿಕೊಳ್ಳುತ್ತದೆ. ಸೋಮವಾರಪೇಟೆಯ ಚಿಕ್ಕಪ್ಪನ ಮನೆಯಲ್ಲೂ ಮೈಸೂರಿನ ಅತ್ತೆಯ ಮನೆಯಲ್ಲೂ ಅದೇ ಮದುವೆಯ ಡಿಸ್ಕ್ ಇರುತ್ತದಲ್ಲ? ಎರಡೂ ಕೆಟ್ಟಿರಬಹುದು. ಆದರೆ ಒಂದೇ ಜಾಗದಲ್ಲಿ ಕೆಟ್ಟಿರುವುದು ಅಪರೂಪ.

ಕಾಪಿ ಆದ ಮೇಲೆ ಅದನ್ನು ಅದೇ ಅಲ್ಮೇರಾದಲ್ಲಿ ಇಡಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಮನೆಗಳೇ ಹೋದವು. ಒಂದು ಪ್ರತಿ ಜಿಲ್ಲೆಯ ಹೊರಗಿರಲಿ.

ಕಾನೂನಿನ ಮಾತೂ ಒಂದಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆಯುವುದು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ನಮ್ಮ ದೇಶದಲ್ಲೂ ಅಪರಾಧ. ಹಾಗಾಗಿ ಸಿನಿಮಾ ಡಿಸ್ಕ್‌ನ ಲೆಕ್ಕ ಬೇರೆ. ಮದುವೆ ವಿಡಿಯೋದ ಲೆಕ್ಕವೇ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿಸಿದವರೇ ಅದರ ಮೊದಲ ಹಕ್ಕುದಾರರು. ಆದ್ದರಿಂದ ಸ್ಟುಡಿಯೋಗೆ ಹೋಗಿ ಇನ್ನೊಂದು ವಿಷಯ ಕೇಳಿ: ಅಂದು ಶೂಟ್ ಮಾಡಿದ ಮಿನಿ ಡಿವಿ ಟೇಪು ಇನ್ನೂ ಇದೆಯೇ? ಅದರಲ್ಲಿ ಚಿತ್ರ ಸೆಕೆಂಡಿಗೆ 25 ಮೆಗಾಬಿಟ್, ಡಿವಿಡಿಯಲ್ಲಿ ಎಷ್ಟೇ ಆದರೂ 9.8 ದಾಟುವುದಿಲ್ಲ. ಟೇಪು ಸಿಕ್ಕಿದರೆ ಡಿವಿಡಿಗಿಂತ ಒಳ್ಳೆಯ ಪ್ರತಿಯೇ ಕೈಗೆ ಬರುತ್ತದೆ. ಹಳೇ ಟೇಪುಗಳನ್ನು ಅವರು ಗುಜರಿಗೆ ಹಾಕುವ ಮೊದಲು ಹೋಗಿ.